ಕುದುರೆ ಕೊರಳಿಗೆ ಜಿಪಿಎಸ್ ಕಟ್ಟಿ ಹನ್ನೊಂದು ತಿಂಗಳು: ಐದಕ್ಕೆ ಮೂರು, ಅದೂ ಮನಸ್ಸಿಲ್ಲದ ಮನಸ್ಸಿನಿಂದ

ಮೊದಲೇ ಹೇಳಿಬಿಡುತ್ತೇನೆ, ಇದು ಯಾರೋ ದುಡ್ಡು ಕೊಟ್ಟು ಬರೆಸಿದ್ದಲ್ಲ. ಹೋಗಿದ್ದು ನನ್ನ ದುಡ್ಡು, ಕೆಟ್ಟಿದ್ದು ನನ್ನ ನಿದ್ದೆ. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಇದೇ ಡಬ್ಬಿ ನಾಲ್ಕೈದು ಹೆಸರಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತೆ, ಸ್ಟಿಕ್ಕರ್ ಮಾತ್ರ ಬೇರೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ, ಕಪ್ಪು ಬಣ್ಣ, ರಬ್ಬರ್ ಮುಚ್ಚಳದ ಕೆಳಗೆ ಸಿಮ್ ಹಾಕೋ ಜಾಗ, ಕುತ್ತಿಗೆಗೆ ಕಟ್ಟೋಕೆ ನೈಲಾನ್ ಪಟ್ಟಿ. ಡಬ್ಬಿಗೆ 3,600 ರೂಪಾಯಿ, ಪಟ್ಟಿಗೆ ಬೇರೆ 450. ಮೊದಲ ವರ್ಷ ಆ್ಯಪ್ ಪುಕ್ಕಟೆ, ಆಮೇಲೆ ವರ್ಷಕ್ಕೆ 1,200. ಸಿಮ್ ರೀಚಾರ್ಜ್ ನಮ್ಮದೇ.

ನಮ್ಮದು ಪಾಂಡವಪುರ ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆ ಬಯಲು. ಸುತ್ತ ಕಬ್ಬು, ಭತ್ತ. ಇಂಥ ಕಡೆ ಕುದುರೆ ಯಾಕಪ್ಪಾ ಅಂತ ಎಲ್ಲರೂ ಕೇಳುತ್ತಾರೆ, ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಎರಡಿವೆ. ಒಬ್ಬಳು ಚೆಲುವಿ, ಮೈಸೂರಿನಲ್ಲಿ ಟಾಂಗಾ ಎಳೆಯುತ್ತಿದ್ದ ಕೆಂದು ಬಣ್ಣದ ಹೆಣ್ಣು. ಟಾಂಗಾದ ಅಜ್ಜ ಕೈಲಾಗದೆ ಗಾಡಿ ಮಾರಿದಾಗ ಇವಳನ್ನು ನಾವು ತಂದೆವು. ಇನ್ನೊಬ್ಬ ಜನರಲ್. ರೇಸ್‌ನಲ್ಲಿ ಓಡಿ ಕಾಲು ಕೆಡಿಸಿಕೊಂಡು ಬಂದವನು, ಆರಡಿ ಗೋಡೆ ಮೇಲಿಂದ ಮುಖ ಹಾಕಿ ನೋಡುವಷ್ಟು ಎತ್ತರ, ಮೈತುಂಬ ಸೊಕ್ಕು, ಆದರೆ ಪ್ಲಾಸ್ಟಿಕ್ ಚೀಲ ಹಾರಿದರೆ ಪ್ರಾಣ ಹೋದ ಹಾಗೆ ಆಡುತ್ತಾನೆ.

ನಮ್ಮ ಕಡೆ ಕುರಿ, ಮೇಕೆ ಕದ್ದುಕೊಂಡು ಹೋಗೋದು ಹೊಸದಲ್ಲ. ಪಂಪ್‌ಸೆಟ್ ಕೇಬಲ್ ಹೋಗುತ್ತೆ, ತೆಂಗಿನಕಾಯಿ ಹೋಗುತ್ತೆ. ಕುದುರೆ ಯಾರು ಕದೀತಾರೆ, ಅದನ್ನೇನು ಬಚ್ಚಿಡೋಕೆ ಆಗುತ್ತಾ ಅಂತ ನಾನೂ ಆರಾಮಾಗಿದ್ದೆ. ಹೋದ ವರ್ಷ ಶ್ರಾವಣ ಕಳೆದ ಮೇಲೆ, ಮದುವೆ ಮೆರವಣಿಗೆಗೆ ಬಿಡುವ ಒಬ್ಬರ ಬಿಳಿ ಕುದುರೆ ಪಕ್ಕದ ಹೋಬಳಿಯಲ್ಲಿ ರಾತ್ರೋರಾತ್ರಿ ಮಾಯವಾಯಿತು. ಬೆಳಿಗ್ಗೆ ನೋಡಿದರೆ ಗೂಟದಲ್ಲಿ ಹಗ್ಗದ ತುಂಡು ಮಾತ್ರ. ರಸ್ತೆ ಪಕ್ಕ ಪಿಕಪ್ ಗಾಡಿ ಹಿಂದಕ್ಕೆ ತಗೊಂಡ ಟೈರ್ ಗುರುತು, ಎರಡು ಕಡೆ ಲದ್ದಿ. ಅಷ್ಟೇ. ಆ ಮನುಷ್ಯ ಫೋಟೊ ಹಿಡಿದುಕೊಂಡು ಊರೂರು ತಿರುಗಿದ್ದನ್ನು ನಾನೇ ನೋಡಿದ್ದೇನೆ. ಫೋಟೊದಲ್ಲಿ ಏನಿತ್ತು ಅಂದ್ರೆ ಮದುಮಗ, ಪೇಟ, ಹೂವಿನ ಹಾರ, ಜರಿ ಹೊದಿಕೆ. ಕುದುರೆ ಅಂತ ಕಾಣುತ್ತಿದ್ದದ್ದು ನಾಲ್ಕು ಕಾಲು, ಒಂದು ಮೂತಿ. ಬಿಳಿ ಕುದುರೆ, ಸರಿ, ಯಾವ ಬಿಳಿ ಕುದುರೆ? ಆ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತೆ.

ಆ ವಾರ ನಾನು ರಾತ್ರಿ ಮೂರು ಸಲ ಎದ್ದು ಲಾಯಕ್ಕೆ ಟಾರ್ಚ್ ಬಿಟ್ಟೆ. ನಾಲ್ಕನೇ ದಿನ ಆ ಡಬ್ಬಿ ಆರ್ಡರ್ ಮಾಡಿದೆ.

ಬಂದ ದಿನವೇ ಮೊದಲ ಪೆಟ್ಟು. ಸಿಮ್ ಹಾಕಿದೆ, ಲೈಟ್ ಕೆಂಪಗೇ ಮಿನುಗುತ್ತೆ, ಹಸಿರಾಗಲ್ಲ. ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಪೊಟ್ಟಣದ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ 2ಜಿ ಅಂತ ಬರೆದಿದ್ದು ಕಂಡಿತು. ಜಿಯೋ ಸಿಮ್ ಹಾಕಿದ್ದೆ, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಇರೋದು 4ಜಿ ಮತ್ತು 5ಜಿ. ತಪ್ಪು ಜಿಯೋದ್ದಲ್ಲ, ನೋಡದೆ ತಗೊಂಡ ನನ್ನದು. ಬೇರೆ ಸಿಮ್ ತಂದು ಹಾಕಿದೆ, ಹಸಿರು ಬಂತು. ನೀವು ತಗೊಳ್ಳೋದಾದರೆ 4ಜಿ ಇರೋದನ್ನೇ ನೋಡಿ ತಗೊಳ್ಳಿ, ಐನೂರು ಜಾಸ್ತಿ ಆದರೂ ಚಿಂತೆ ಇಲ್ಲ.

ಕೆಲಸ ಮಾಡೋ ರೀತಿ ಸರಳ. ಡಬ್ಬಿ ಆಕಾಶದ ಉಪಗ್ರಹಗಳ ಸಿಗ್ನಲ್ ಹಿಡಿದು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತೆ, ಆಮೇಲೆ ಸಿಮ್ ಮೂಲಕ ನಿಮ್ಮ ಫೋನಿಗೆ ಕಳಿಸುತ್ತೆ. ಅಂದ್ರೆ ಎರಡು ಸಿಗ್ನಲ್ ಬೇಕು. ಮೇಲಿಂದ ಒಂದು, ಟವರ್‌ನಿಂದ ಒಂದು. ಯಾವುದೋ ಒಂದು ಕೈಕೊಟ್ಟರೂ ಮುಗೀತು. ಬಯಲಲ್ಲಿ ಚೆಲುವಿ ಮೇಯುತ್ತಿದ್ದಾಗ ನಾಲ್ಕೈದು ಮೀಟರ್ ಆಚೀಚೆ ಸರಿಯಾಗೇ ತೋರಿಸುತ್ತಿತ್ತು, ಯಾವ ಬೇವಿನ ಮರದ ಕೆಳಗೆ ನಿಂತಿದ್ದಾಳೆ ಅಂತ ಮನೇಲಿ ಕೂತೇ ಹೇಳಬಹುದಿತ್ತು. ಮೊದಲ ವಾರ ಇದೊಂದು ಆಟವೇ ಆಯಿತು. ಬಂದವರಿಗೆಲ್ಲ ತೋರಿಸಿದೆ.

ರಾತ್ರಿ ಲಾಯದ ಒಳಗೆ ಕಥೆ ಬೇರೆ. ನಮ್ಮ ಲಾಯಕ್ಕೆ ತಗಡಿನ ಶೀಟು. ತಗಡಿನ ಕೆಳಗೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗಲ್ಲ, ಸಿಕ್ಕಿದ ಅರ್ಧಂಬರ್ಧವನ್ನು ಇಟ್ಟುಕೊಂಡು ಡಬ್ಬಿ ಏನೋ ಒಂದು ಲೆಕ್ಕ ಹಾಕಿ ಕಳಿಸುತ್ತೆ. ಒಂಬತ್ತನೇ ರಾತ್ರಿ, 1 ಗಂಟೆ 40 ನಿಮಿಷ, ಫೋನ್ ಸೈರನ್ ಹೊಡೆಯಿತು. ನೋಡಿದರೆ ಚೆಲುವಿ ನಾಲೆ ಮಧ್ಯದಲ್ಲಿ ಇದ್ದಾಳೆ. ಬರೀ ದಡ ಅಲ್ಲ, ನೀರಿನ ನಡುಮಧ್ಯ. ಪಂಚೆ ಎತ್ತಿ ಕಟ್ಟಿ, ಒಂದು ಕೈಲಿ ಟಾರ್ಚ್, ಒಂದು ಕೈಲಿ ಮಚ್ಚು, ಕಾಲಿಗೆ ಚಪ್ಪಲಿ ಇಲ್ಲ, ಓಡಿದೆ. ಲಾಯದ ಬಾಗಿಲಲ್ಲಿ ಚೆಲುವಿ ಹುಲ್ಲು ಜಗಿಯುತ್ತ ನಿಂತಿದ್ದಳು. ನನ್ನನ್ನು ನೋಡಿ ಜಗಿಯೋದು ನಿಲ್ಲಿಸಿದಳು, ಇವನಿಗೇನಾಯ್ತು ಅನ್ನೋ ಹಾಗೆ ಕಿವಿ ಮುಂದೆ ಮಾಡಿದಳು, ಮತ್ತೆ ಜಗಿಯೋಕೆ ಶುರು ಮಾಡಿದಳು. ಒಂದು ತಿಂಗಳಲ್ಲಿ ಹೀಗೆ ಆರು ಸಲ. ಏಳನೇ ಸಲ ನಾನು ಎದ್ದೇಳಲಿಲ್ಲ, ಸೈರನ್ ಆಫ್ ಮಾಡಿ ಮಗ್ಗುಲು ಬದಲಿಸಿದೆ. ತೋಳ ಬಂತು ತೋಳ ಕತೆ ಇದೇ ಅಲ್ವಾ.

ಆಮೇಲೆ ಬೇಲಿ ವಿಷಯ. ಆ್ಯಪ್‌ನಲ್ಲಿ ಒಂದು ಗುಂಡಗಿನ ಗೆರೆ ಎಳೆಯಬಹುದು, ಕುದುರೆ ಅದನ್ನು ದಾಟಿದರೆ ಸೈರನ್. ಜಾಹೀರಾತಿನಲ್ಲಿ ಇದನ್ನೇ ದೊಡ್ಡದಾಗಿ ಹಾಕಿದ್ದರು. ಆದರೆ ಹಾಕಬಹುದಾದ ಅತಿ ಚಿಕ್ಕ ಗೆರೆ ನಡುವಿನಿಂದ ಎಲ್ಲ ಕಡೆಗೂ 100 ಮೀಟರ್. ನಮ್ಮ ಮನೆ, ಲಾಯ, ಹುಲ್ಲಿನ ಮೆದೆ ಎಲ್ಲ ಸೇರಿ ಒಂದು ಎಕರೆ. ಒಂದು ಎಕರೆ ಚೌಕವಾಗಿದ್ದರೆ ಒಂದು ಬದಿ ಸುಮಾರು 64 ಮೀಟರ್. ಲೆಕ್ಕ ಹಾಕಿ ನೋಡಿ. ನನ್ನ ಗೆರೆಯೊಳಗೆ ಪಕ್ಕದವರ ಕಬ್ಬಿನ ಗದ್ದೆ ಬಂತು, ಮಾರಮ್ಮನ ಗುಡಿ ಬಂತು, ಡಾಂಬರು ರಸ್ತೆಯೂ ಬಂತು. ಕಳ್ಳ ಬಂದು, ಕುದುರೆ ಬಿಚ್ಚಿ, ರಸ್ತೆಗೆ ನಡೆಸಿ, ಗಾಡಿಗೆ ಹತ್ತಿಸಿ, ಬೀಡಿ ಹಚ್ಚಿಕೊಂಡರೂ ಡಬ್ಬಿಯ ಪ್ರಕಾರ ಎಲ್ಲ ಕ್ಷೇಮ. ಅದರ ಮೇಲೆ ಬ್ಯಾಟರಿ ಉಳಿಸೋ ಮೋಡ್‌ನಲ್ಲಿ ಅದು ಹತ್ತು ನಿಮಿಷಕ್ಕೊಮ್ಮೆ ಮಾತ್ರ ಸುದ್ದಿ ಕಳಿಸೋದು. ಗಂಟೆಗೆ 40 ಕಿಲೋಮೀಟರ್ ಓಡಿಸಿದರೂ ಹತ್ತು ನಿಮಿಷದಲ್ಲಿ ಪಿಕಪ್ ಆರೂವರೆ ಕಿಲೋಮೀಟರ್ ಹೋಗಿರುತ್ತೆ. ಮೈಸೂರು ಬೆಂಗಳೂರು ಹೆದ್ದಾರಿ ಹತ್ತಿದ ಮೇಲೆ ಏನು ಮಾಡ್ತೀರಿ?

ಒಂದು ನಿಮಿಷಕ್ಕೊಮ್ಮೆ ಕಳಿಸು ಅಂತ ಇಟ್ಟರೆ ಬ್ಯಾಟರಿ ಒಂದೂವರೆ ದಿನ. ಪೊಟ್ಟಣದ ಮೇಲೆ ಹತ್ತು ದಿನ ಅಂತ ಇದೆ, ನನಗೆ ಉಳಿಸೋ ಮೋಡ್‌ನಲ್ಲಿ ಸಿಕ್ಕಿದ್ದು ನಾಲ್ಕು, ಮಳೆಗಾಲದಲ್ಲಿ ಟವರ್ ಹೋಗಿ ಬಂದು ಮಾಡುವಾಗ ಮೂರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹಿಂದಿಯಲ್ಲಿ ಮಾತು ಶುರುವಾಯಿತು, ನನ್ನ ಹಿಂದಿ ಮೈಸೂರು ದಸರಾ ಎಗ್ಸಿಬಿಷನ್ ಮಟ್ಟದ್ದು. ಕುದುರೆಗೆ ಕಟ್ಟಿದ್ದೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಆ ಹುಡುಗ ಕೇಳಿದ, ಸರ್, ಯಾವ ಮಾಡೆಲ್ ಗಾಡಿ?

ಸರಿ, ಮುಖ್ಯ ಪರೀಕ್ಷೆ ಅಂತ ಆಗಿದ್ದು ಕಾರ್ತಿಕದಲ್ಲಿ. ಕಳ್ಳ ಬರಲಿಲ್ಲ, ಚೆಲುವಿಯೇ ಹೊರಟಳು. ಬೆಳಿಗ್ಗೆ ಐದಕ್ಕೆ ಎದ್ದೆ, ಫೋನ್ ನೋಡಿದೆ, ಚೆಲುವಿ ಹುಣಸೆಮರದ ಕೆಳಗೆ, ನಿಂತಲ್ಲೇ ನಿಂತಿದ್ದಾಳೆ, ಬ್ಯಾಟರಿ 61. ಹಲ್ಲುಜ್ಜಿ, ಕಾಫಿ ಕುಡಿದು, ನಿಧಾನಕ್ಕೆ ಹೋದೆ. ಹುಣಸೆಮರದ ಕೆಳಗೆ ಪಟ್ಟಿ ಬಿದ್ದಿದೆ, ಡಬ್ಬಿ ಬಿದ್ದಿದೆ, ಕುದುರೆ ಇಲ್ಲ. ತೊಗಟೆಗೆ ಕುತ್ತಿಗೆ ಉಜ್ಜಿ ಉಜ್ಜಿ ಬಕಲ್ ಬಿಚ್ಚಿಸಿಕೊಂಡಿದ್ದಾಳೆ. ತೊಗಟೆಯಲ್ಲಿ ಕಪ್ಪು ಜೂಲಿನ ಹತ್ತಾರು ಕೂದಲು ಸಿಕ್ಕಿಕೊಂಡಿದ್ದವು. ಇವಳು ಮುಕ್ಕಾಲು ಕಿಲೋಮೀಟರ್ ದೂರದ ಹುರುಳಿ ಹೊಲದಲ್ಲಿ ಸಿಕ್ಕಳು, ಹೊಲದವರಿಗೆ ಎಂಟುನೂರು ರೂಪಾಯಿ ಕೊಟ್ಟು ಕೈಮುಗಿದು ಬಂದೆ. ಡಬ್ಬಿ ಮಾತ್ರ ಆಗಲೂ ಅವಳನ್ನು ಹುಣಸೆಮರದ ಕೆಳಗೇ ತೋರಿಸುತ್ತಿತ್ತು. ಅಂದ್ರೆ ಇದು ಡಬ್ಬಿ ಎಲ್ಲಿದೆ ಅಂತ ಹೇಳುತ್ತೆ, ಕುದುರೆ ಎಲ್ಲಿದೆ ಅಂತ ಹೇಳಲ್ಲ. ಕಳ್ಳನಿಗೆ ಇದನ್ನು ಬಿಚ್ಚೋಕೆ ಹುಣಸೆಮರ ಕೂಡ ಬೇಡ, ಒಂದು ಬ್ಲೇಡ್ ಸಾಕು.

ಹಾಗಂತ ಬಿಗಿಯಾಗಿ, ಕಿತ್ತುಬರದ ಹಾಗೆ ಕಟ್ಟೋಕೆ ಹೋಗಬೇಡಿ. ಕುದುರೆ ಪಟ್ಟಿ ಎಲ್ಲಾದರೂ ಗೂಟಕ್ಕೋ ಕೊಂಬೆಗೋ ಸಿಕ್ಕಿಕೊಂಡರೆ ಅದು ಸುಮ್ನೆ ನಿಲ್ಲಲ್ಲ, ಗಾಬರಿಯಾಗಿ ಹಿಂದಕ್ಕೆ ಎಳೆಯುತ್ತೆ, ಕುತ್ತಿಗೆ ಮುರಿದುಕೊಳ್ಳೋವರೆಗೂ ಎಳೆಯುತ್ತೆ. ಎಳೆದರೆ ಬಿಚ್ಚಿಕೊಳ್ಳೋ ಪಟ್ಟಿಯೇ ಸರಿ, ಕಳೆದುಹೋದರೆ ಹೋಗಲಿ. ಕೆಲವರು ಚಿಕ್ಕ ಡಬ್ಬಿಯನ್ನು ಜೂಲಿನೊಳಗೆ ಜಡೆ ಹಾಕಿ ಬಚ್ಚಿಡುತ್ತಾರೆ. ನಾನೂ ಮಾಡಿದೆ, ನನ್ನ ಮಗಳು ಚೆನ್ನಾಗೇ ಹೆಣೆದಳು. ಎರಡು ದಿನ ಬಂತು. ಈ ಡಬ್ಬಿ ಅದಕ್ಕೆ ಭಾರ.

ಮಧ್ಯೆ ಒಂದು ಬ್ಲೂಟೂತ್ ಟ್ಯಾಗ್ ಕೂಡ ಕಟ್ಟಿ ನೋಡಿದೆ. ಅಮೆರಿಕದಿಂದ ಬಂದ ನೆಂಟರು ಕೊಟ್ಟಿದ್ದು, ನಾಣ್ಯದಷ್ಟಿದೆ, ಬ್ಯಾಟರಿ ವರ್ಷ ಬರುತ್ತಂತೆ. ಭಾರ ಇಲ್ಲ, ಜಡೆಯೊಳಗೆ ಕಾಣೋದೇ ಇಲ್ಲ. ಆದರೆ ಅದಕ್ಕೆ ಸ್ವಂತ ಜಿಪಿಎಸ್ ಇಲ್ಲ, ಹತ್ತಿರ ಹಾದುಹೋಗುವ ಬೇರೆಯವರ ಫೋನ್ ಹಿಡಿದು ಸುದ್ದಿ ಕಳಿಸಬೇಕು, ಅದೂ ಅದಕ್ಕೆ ಹೊಂದುವ ಫೋನೇ ಆಗಬೇಕು. ಬೆಂಗಳೂರಿನಲ್ಲಿ ಚೆನ್ನಾಗಿ ಕೆಲಸ ಮಾಡಬಹುದು. ನಮ್ಮ ಊರಲ್ಲಿ ಅಂಥ ಫೋನ್ ಇರೋದು ಇಬ್ಬರ ಹತ್ತಿರ, ಅದರಲ್ಲಿ ಒಬ್ಬ ಮಂಡ್ಯದಲ್ಲಿ ಓದುತ್ತಾನೆ. ಚೆಲುವಿ ಕೊನೆಗೆ ಕಂಡಿದ್ದು ಒಂಬತ್ತು ಗಂಟೆ ಹಿಂದೆ ಅಂತ ತೋರಿಸೋದು, ಆ ಹುಡುಗ ಶನಿವಾರ ಊರಿಗೆ ಬಂದಾಗ ಕುದುರೆಗೂ ಜೀವ ಬರೋದು. ಇನ್ನೊಂದು ತಮಾಷೆ ಅಂದ್ರೆ, ಇಂಥ ಟ್ಯಾಗ್ ಅಪರಿಚಿತರ ಜೊತೆ ತುಂಬ ಹೊತ್ತು ಓಡಾಡಿದರೆ ಅವರ ಫೋನಿಗೇ ಎಚ್ಚರಿಕೆ ಹೋಗುತ್ತೆ, ನಿಮ್ಮ ಜೊತೆ ಯಾವುದೋ ಟ್ಯಾಗ್ ಬರುತ್ತಿದೆ ನೋಡಿ ಅಂತ. ಹೆಂಗಸರನ್ನು ಹಿಂಬಾಲಿಸೋರನ್ನು ತಡೆಯೋಕೆ ಮಾಡಿದ ಒಳ್ಳೆ ವ್ಯವಸ್ಥೆ ಅದು, ತೆಗೆಯಬೇಕು ಅಂತ ನಾನು ಹೇಳಲ್ಲ. ಕುದುರೆ ಕಳ್ಳನಿಗೂ ಅದು ಅಷ್ಟೇ ಒಳ್ಳೇದು ಮಾಡುತ್ತೆ.

ಚಿಪ್ ಹಾಕಿಸಿದರೆ ಸಾಕಲ್ವಾ ಅಂತ ತುಂಬ ಜನ ಕೇಳುತ್ತಾರೆ. ಇಲ್ಲೊಂದು ದೊಡ್ಡ ಗೊಂದಲ ಇದೆ, ಬಿಡಿಸಿ ಹೇಳುತ್ತೇನೆ. ಮೈಯೊಳಗೆ ಹಾಕೋ ಮೈಕ್ರೋಚಿಪ್‌ಗೂ ಜಿಪಿಎಸ್‌ಗೂ ಸಂಬಂಧ ಇಲ್ಲ. ಅಕ್ಕಿ ಕಾಳಿನಷ್ಟು ಗಾತ್ರ, ಒಳಗೆ ಬ್ಯಾಟರಿ ಇಲ್ಲ, ಕುದುರೆ ಎಲ್ಲಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಎಡಗಡೆ ಕುತ್ತಿಗೆಯಲ್ಲಿ, ಜೂಲಿನ ಕೆಳಗೆ, ದಪ್ಪ ಸೂಜಿಯಿಂದ ಡಾಕ್ಟರ್ ಹಾಕುತ್ತಾರೆ. ರೀಡರ್ ಯಂತ್ರವನ್ನು ಕುತ್ತಿಗೆ ಹತ್ತಿರ ಹಿಡಿದಾಗ 15 ಅಂಕಿಯ ಒಂದು ನಂಬರ್ ಹೇಳುತ್ತೆ, ಅಷ್ಟೇ ಅದರ ಕೆಲಸ. ಇಂಗ್ಲೆಂಡ್‌ನಲ್ಲಿ 2020ರ ಅಕ್ಟೋಬರ್ 1ರಿಂದ ಎಲ್ಲ ಕುದುರೆಗೂ ಚಿಪ್ ಕಡ್ಡಾಯ. ನಮ್ಮ ಜನರಲ್‌ಗೆ ರೇಸ್ ಕಾಲದ್ದೇ ಇತ್ತು. ಚೆಲುವಿಗೆ ನಾನು ಮೈಸೂರಿನ ಒಬ್ಬ ಖಾಸಗಿ ಡಾಕ್ಟರ್ ಹತ್ತಿರ ಹಾಕಿಸಿದೆ, ಎರಡು ನಿಮಿಷದ ಕೆಲಸ, ತಲೆ ಕೂಡ ಕೊಡವಲಿಲ್ಲ. ಆದರೆ ನಮ್ಮ ಹತ್ತಿರದ ಪಶು ಆಸ್ಪತ್ರೆಯೊಂದರಲ್ಲಿ ಓದಿಸೋಣ ಅಂತ ಹೋದರೆ ರೀಡರ್ ಇರಲಿಲ್ಲ. ಹಸುವಿನ ಕಿವಿಯ ಹಳದಿ ಬಿಲ್ಲೆಯ 12 ಅಂಕಿ ಆದರೆ ಕಣ್ಣಲ್ಲೇ ಓದಬಹುದು, ಇದು ಹಾಗಲ್ಲ. ಆದರೂ ಹಾಕಿಸಿ ಅಂತಲೇ ಹೇಳುತ್ತೇನೆ. ಕಿವಿ ಬಿಲ್ಲೆ ಕತ್ತರಿಸಬಹುದು, ಇದನ್ನು ಹುಡುಕಿ ಕೀಳೋದು ಕಷ್ಟ. ನಾಳೆ ಪೊಲೀಸ್ ಠಾಣೆಯಲ್ಲಿ ಇಬ್ಬರು ನಿಂತು ನಂದು ನಂದು ಅಂದಾಗ ಕೆಲಸಕ್ಕೆ ಬರುತ್ತೆ.

ವಿಮೆ ಇದೆಯಲ್ಲ ಅಂತ ಆರಾಮಾಗಿದ್ದವರು ಪಾಲಿಸಿ ಕಾಗದ ತೆಗೆದು ಸಣ್ಣ ಅಕ್ಷರ ಓದಿ. ಜಾನುವಾರು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕಾಯಿಲೆ, ಅಪಘಾತದಿಂದ ಸತ್ತರೆ ದುಡ್ಡು, ಕಳವಾದರೆ ಇಲ್ಲ. ಕದ್ದುಮುಚ್ಚಿ ಮಾರಿ ಕಳವು ಅಂತ ಹೇಳೋರು ಇರುತ್ತಾರೆ ಅಂತ ಅವರ ಲೆಕ್ಕ. ನಾನು ಮೂರು ವರ್ಷ ಪ್ರೀಮಿಯಂ ಕಟ್ಟಿದ ಮೇಲೆ ಓದಿದೆ.

ಈಗ ನಾನು ಹೇಳಬೇಕು ಅಂದುಕೊಂಡಿದ್ದಕ್ಕೆ ಬರುತ್ತೇನೆ. ಚೆಲುವಿಯನ್ನು ಕೊಡುವಾಗ ಆ ಟಾಂಗಾ ಅಜ್ಜ ನನ್ನ ಕೈ ಹಿಡಿದು ಅವಳ ಮೈಮೇಲೆ ಒಂದೊಂದೇ ಸುಳಿ ಮುಟ್ಟಿಸಿದ್ದರು. ಹಣೆಯಲ್ಲಿ ಬಿಳಿ ಬೊಟ್ಟಿನ ಮೇಲ್ಗಡೆ, ಎಡಗಣ್ಣಿನ ಕಡೆಗೆ ಸ್ವಲ್ಪ ವಾಲಿದ ಒಂದು. ಗಂಟಲ ಕೆಳಗೆ ಒಂದು, ಅದು ದೇವಮಣಿ, ಮನೆಗೆ ಒಳ್ಳೇದು ಅಂದರು. ಬಲಗಡೆ ಕುತ್ತಿಗೆಯಲ್ಲಿ ಜೂಲಿನ ಬುಡಕ್ಕೆ ಅಂಟಿಕೊಂಡ ಹಾಗೆ ಉದ್ದಕ್ಕೆ ಎಳೆದ ಒಂದು, ಎಡಗಡೆ ಅದರ ಜೋಡಿ ಇಲ್ಲ. ನಾನು ಆಗ ಶಕುನದ ಮಾತು ಅಂತ ಹೂಂ ಹೂಂ ಅಂದೆ. ನಮ್ಮ ಕಡೆ ಕುದುರೆ ಕೊಳ್ಳೋರು ಇವತ್ತಿಗೂ ಹಲ್ಲು ನೋಡೋದಕ್ಕಿಂತ ಮೊದಲು ಸುಳಿ ನೋಡುತ್ತಾರೆ, ಕೆಟ್ಟ ಸುಳಿ ಇದ್ದರೆ ಎಷ್ಟೇ ಒಳ್ಳೆ ಕುದುರೆ ಆದರೂ ಮುಟ್ಟಲ್ಲ.

ಆಮೇಲೆ ಜನರಲ್‌ನ ಪಾಸ್‌ಪೋರ್ಟ್ ಬಂತು. ಹೌದು, ರೇಸ್ ಕುದುರೆಗೆ ಪಾಸ್‌ಪೋರ್ಟ್ ಇರುತ್ತೆ. ಬಿಚ್ಚಿ ನೋಡಿದರೆ ಕುದುರೆಯ ಖಾಲಿ ಚಿತ್ರ, ಎಡ, ಬಲ, ಮುಖ, ಕಾಲು, ಅದರ ಮೇಲೆ ಪೆನ್ನಲ್ಲಿ ಅಲ್ಲಲ್ಲಿ ಇಂಟು ಗುರುತು. ಏನಿದು ಅಂತ ಡಾಕ್ಟರನ್ನು ಕೇಳಿದೆ. ಸುಳಿ ಅಂದರು! ಅಜ್ಜ ಕೈಯಲ್ಲಿ ಮುಟ್ಟಿಸಿದ್ದನ್ನೇ ಇಲ್ಲಿ ಪೆನ್ನಲ್ಲಿ ಬರೆದಿದ್ದಾರೆ, ಶುಭ ಅಶುಭ ಬಿಟ್ಟು. ನಮ್ಮ ಬೆರಳಿನ ಗುರುತು ಹೇಗೋ ಕುದುರೆಗೆ ಸುಳಿ ಹಾಗೆ, ಎಷ್ಟಿವೆ, ಎಲ್ಲಿವೆ, ಹೇಗೆ ತಿರುಗಿವೆ ಅನ್ನೋದು ಒಂದೊಂದಕ್ಕೆ ಒಂದೊಂದು ಥರ. ಬಿಳಿ ಬೊಟ್ಟಿಗೆ ಕಳ್ಳ ಹೇರ್ ಡೈ ಬಳಿಯಬಹುದು, ಜೂಲು ಬಾಲ ಕತ್ತರಿಸಬಹುದು. ಸುಳಿಯನ್ನು ಬೋಳಿಸಿದರೂ ಕೂದಲು ಮತ್ತೆ ಅದೇ ಸುತ್ತು ತಿರುಗಿ ಬೆಳೆಯುತ್ತೆ. ಹಾಗೇ ಕಾಲಿನ ಒಳಮಗ್ಗುಲಲ್ಲಿ ಒಣಗಿದ ಗಂಟಿನಂಥ ಒಂದು ಚಕ್ಕೆ ಇರುತ್ತೆ ನೋಡಿ, ಅದರ ಆಕಾರವೂ ಒಂದಕ್ಕೆ ಇದ್ದ ಹಾಗೆ ಇನ್ನೊಂದಕ್ಕೆ ಇರಲ್ಲ.

ಆ ಬಿಳಿ ಕುದುರೆಯವರ ಹತ್ತಿರ ಇಲ್ಲದೆ ಇದ್ದದ್ದು ಇದೇ. ಒಂದು ಭಾನುವಾರ ಮಗಳೂ ನಾನೂ ಕೂತು ಎರಡೂ ಕುದುರೆಗೆ ಫೋಟೊ ತೆಗೆದೆವು. ಮೈ ತೊಳೆದು, ಜೀನು, ಹಗ್ಗ, ಹಾರ ಏನೂ ಇಲ್ಲದೆ. ಎಡ, ಬಲ, ಎದುರು, ಹಿಂದೆ, ನಾಲ್ಕು ಕಾಲು, ಗೊರಸು, ಒಂದೊಂದು ಸುಳಿಗೂ ಹತ್ತಿರದಿಂದ ಒಂದೊಂದು. ಸುಳಿ ಸರಿಯಾಗಿ ಕಾಣಬೇಕಾದರೆ ಕೂದಲು ಸ್ವಲ್ಪ ಒದ್ದೆ ಇರಬೇಕು, ಬಿಸಿಲು ಪಕ್ಕದಿಂದ ಬೀಳಬೇಕು, ನಡುಮಧ್ಯಾಹ್ನ ತೆಗೆದರೆ ಬರೀ ಹೊಳಪು ಬರುತ್ತೆ. ಒಂದು ಸೆಟ್ ಪ್ರಿಂಟ್ ಹಾಕಿಸಿ ಚಿಪ್ ನಂಬರ್ ಹಿಂದೆ ಬರೆದು ಬೀರುವಿನಲ್ಲಿಟ್ಟೆ. ಕೊಂಡ ರಸೀದಿಯೂ ಅದರ ಜೊತೆಗೇ. ಒಟ್ಟು ಖರ್ಚು 340 ರೂಪಾಯಿ. ಕಳವಾದರೆ ಮೊದಲ ಒಂದೆರಡು ಗಂಟೆಯಲ್ಲಿ ಸಂತೆಯವರಿಗೆ, ಡಾಕ್ಟರ್‌ಗಳಿಗೆ, ಲಾಳ ಕಟ್ಟೋರಿಗೆ, ಮೆರವಣಿಗೆ ಕುದುರೆ ಬಿಡೋರಿಗೆ ವಾಟ್ಸಾಪ್‌ನಲ್ಲಿ ಹೋಗಬೇಕಾದದ್ದು ಇದು. ಅದರಲ್ಲೂ ಲಾಳ ಕಟ್ಟೋರು ಮುಖಕ್ಕಿಂತ ಗೊರಸು ನೋಡಿ ಕುದುರೆ ಗುರುತಿಸುತ್ತಾರೆ.

ಇದರಿಂದ ಕುದುರೆ ಸಿಕ್ಕೇ ಸಿಗುತ್ತೆ ಅಂತ ಅಲ್ಲ. ಐರ್ಲೆಂಡ್‌ನಲ್ಲಿ ಶೆರ್ಗರ್ ಅಂತ ಒಂದು ಕುದುರೆ, 1981ರಲ್ಲಿ ಇಂಗ್ಲೆಂಡಿನ ಎಪ್ಸಮ್ ಡರ್ಬಿ ರೇಸನ್ನು ಹತ್ತು ಲೆಂತ್, ಅಂದ್ರೆ ಹತ್ತು ಕುದುರೆ ಉದ್ದದ ಅಂತರದಲ್ಲಿ ಗೆದ್ದದ್ದು, ಮುಖದ ಮೇಲೆ ಅಗಲವಾದ ಬಿಳಿ ಪಟ್ಟೆ, ನಾಲ್ಕೂ ಕಾಲಿಗೆ ಬಿಳಿ ಸಾಕ್ಸ್. ಅಷ್ಟು ಗುರುತಿನ ಕುದುರೆ ಆ ದೇಶದಲ್ಲಿ ಇನ್ನೊಂದಿರಲಿಕ್ಕಿಲ್ಲ. 1983ರ ಫೆಬ್ರವರಿ 8ರ ರಾತ್ರಿ ಮುಸುಕು ಹಾಕಿದವರು ಬಂದೂಕು ತೋರಿಸಿ ಹತ್ತಿಸಿಕೊಂಡು ಹೋದರು, ಇವತ್ತಿನವರೆಗೂ ಮೂಳೆಯೂ ಸಿಕ್ಕಿಲ್ಲ. ನಮ್ಮ ಹಳೇ ವಿಜಯನಗರದ ಕಡೆ ಇನ್ನೊಂದು ಥರ. ಹಡಗಿನಲ್ಲಿ ತರುವಾಗ ಸಮುದ್ರದ ಮೇಲೆ ಸತ್ತ ಕುದುರೆಗೂ ಬಾಲ ತಂದು ತೋರಿಸಿದರೆ ಅರಸರು ದುಡ್ಡು ಕೊಡುತ್ತಿದ್ದರಂತೆ, ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಬಾಲ ನೋಡಿ ದುಡ್ಡು ಕೊಡೋ ವಿಮೆ ಕಂಪನಿ ಈಗ ಎಲ್ಲಿ ಸಿಗಬೇಕು.

ಕಳ್ಳ ಬರದೆ ಇರೋ ಹಾಗೆ ಮಾಡೋದಕ್ಕೆ ನಾನು ಮಾಡಿದ ಅತಿ ಒಳ್ಳೆ ಖರ್ಚು ಅಂದ್ರೆ ವೆಲ್ಡಿಂಗ್‌ನವನಿಗೆ ಕೊಟ್ಟ 250 ರೂಪಾಯಿ. ನಿಮ್ಮ ಕಬ್ಬಿಣದ ಗೇಟ್ ಹೋಗಿ ನೋಡಿ. ಗೇಟ್ ತೂಗಿ ತಿರುಗೋ ಎರಡೂ ಕೊಂಡಿಯ ಮೊಳೆ ಮೇಲ್ಮುಖವಾಗಿದ್ದರೆ ನೀವು ಎಷ್ಟು ದಪ್ಪ ಬೀಗ ಹಾಕಿದರೂ ವ್ಯರ್ಥ, ಇಬ್ಬರು ಸೇರಿ ಬೀಗದ ಸಮೇತ ಗೇಟನ್ನೇ ಎತ್ತಿ ಪಕ್ಕಕ್ಕಿಡಬಹುದು. ನಾನು ಎತ್ತಿ ನೋಡಿದೆ, ಒಬ್ಬನ ಕೈಲೇ ಬಂತು, ಎದೆ ಧಸಕ್ಕೆಂದಿತು. ಮೇಲಿನ ಕೊಂಡಿಯನ್ನು ಕೆಳಮುಖ ತಿರುಗಿಸಿ ವೆಲ್ಡ್ ಮಾಡಿಸಿದರೆ ಎತ್ತೋಕೆ ಬರಲ್ಲ. ಇದನ್ನು ಯಾವ ಆ್ಯಪೂ ಹೇಳಲ್ಲ.

ಇನ್ನು ಗೇಟಿನ ಪಕ್ಕದ ಮೊಳೆಗೆ ಕುದುರೆಯ ಮುಖಪಟ್ಟಿ, ಹಗ್ಗ ನೇತು ಹಾಕೋ ಅಭ್ಯಾಸ. ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಅಲ್ಲೇ ಇತ್ತು. ಬೀಗದ ಪಕ್ಕದಲ್ಲೇ ಕೀಲಿ ಇಟ್ಟ ಹಾಗೆ ಅದು. ಹಗ್ಗ ಇಲ್ಲದೆ ಕತ್ತಲಲ್ಲಿ ಹೊಸಬರು ಜನರಲ್‌ನನ್ನು ಹಿಡಿಯಲಿ ನೋಡೋಣ, ನನ್ನ ಕೈಗೇ ಸಿಗಲ್ಲ. ಈಗ ಹಗ್ಗ ಅಡುಗೆಮನೆಯಲ್ಲಿ ಇದೆ, ಅದಕ್ಕೂ ಬೈಸಿಕೊಂಡಿದ್ದೇನೆ. ಲಾಯದ ಬಾಗಿಲಿಗೆ ಮಾತ್ರ ಬೀಗ ಹಾಕಬೇಡಿ, ಗೇಟಿಗೆ ಹಾಕಿ. ಮೆದೆಗೆ ಬೆಂಕಿ ಬಿದ್ದರೆ, ಹಾವು ಹೊಕ್ಕರೆ, ಕುದುರೆಗೆ ಹೊಟ್ಟೆನೋವು ಬಂದು ಉರುಳಾಡಿದರೆ ಕತ್ತಲಲ್ಲಿ ಕೀಲಿ ಹುಡುಕುತ್ತ ಕೂರೋಕೆ ಆಗಲ್ಲ.

ಅಲಾರಂ ಅಂದ್ರೆ ನನ್ನ ಲೆಕ್ಕದಲ್ಲಿ ಜನರಲ್. ಕುದುರೆ ಗುಂಪಿನ ಪ್ರಾಣಿ, ಜೊತೆಗಾರ ಕಣ್ಮರೆಯಾದರೆ ತಡೆಯಲ್ಲ. ಚೆಲುವಿಯನ್ನು ಐವತ್ತು ಹೆಜ್ಜೆ ಆಚೆ ನಡೆಸಿದರೆ ಸಾಕು, ಇವನು ಕೆನೆಯೋದು ಮಾರಮ್ಮನ ಗುಡಿವರೆಗೂ ಕೇಳುತ್ತೆ. ಹುರುಳಿ ಹೊಲದ ದಿನ ಅವನು ಕೆನೆದಿದ್ದ, ಪಕ್ಕದ ಮನೆ ಅಜ್ಜಿಗೆ ಕೇಳಿಸಿತ್ತು. ನಾನು ಫೋನ್ ನಂಬಿ ಕಾಫಿ ಕುಡಿಯುತ್ತಿದ್ದೆ. ಆ ಅಜ್ಜಿ ಜಗಲಿ ಮೇಲೆ ಮಲಗುತ್ತಾರೆ, ಕೆಮ್ಮು ಬಂದರೆ ರಾತ್ರಿಯೆಲ್ಲ ಎಚ್ಚರ. ಅವರಿಗೆ ನನ್ನ ನಂಬರ್ ಒಂದನೇ ಬಟನ್‌ಗೆ ಹಾಕಿಕೊಟ್ಟಿದ್ದೇನೆ. ಇಲ್ಲಿಯವರೆಗೆ ಎರಡು ಸಲ ಫೋನ್ ಮಾಡಿದ್ದಾರೆ, ಒಂದು ಸಲ ನಿಜವಾಗಲೂ ಗೇಟ್ ಹತ್ತಿರ ಯಾರೋ ಬೈಕ್ ನಿಲ್ಲಿಸಿದ್ದರು, ಟಾರ್ಚ್ ಬಿಟ್ಟ ತಕ್ಷಣ ಹೋದರು. ಪೆಟ್ರೋಲ್ ಖಾಲಿಯಾದವರೋ ಏನೋ, ಗೊತ್ತಿಲ್ಲ. ಇನ್ನೊಂದು ಸಲ ನಾನೇ, ಟಾರ್ಚ್ ಇಲ್ಲದೆ ಲಾಯಕ್ಕೆ ಹೋಗಿದ್ದೆ.

ಇಷ್ಟೆಲ್ಲ ಬೈದು ಮೂರು ಸ್ಟಾರ್ ಯಾಕೆ ಅಂದ್ರೆ, ಒಂದು ಕಡೆ ಡಬ್ಬಿ ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿತು. ಮಾಘದಲ್ಲಿ ಚೆಲುವಿಯ ಹಲ್ಲಿನ ಚೂಪು ಅಂಚು ಅರದಿಂದ ಉಜ್ಜಿಸೋಕೆ ಬಾಡಿಗೆ ಗಾಡಿಯಲ್ಲಿ ಮೈಸೂರಿಗೆ ಕಳಿಸಬೇಕಾಯಿತು, ನಾನು ಜೊತೆಗೆ ಹೋಗೋ ಹಾಗಿರಲಿಲ್ಲ. ಡ್ರೈವರ್ ಹೊಸಬ. ಒಂದು ನಿಮಿಷದ ಮೋಡ್ ಹಾಕಿ, ಡಬ್ಬಿಯನ್ನು ಗಾಡಿಯ ಕಂಬಿಗೆ ಗೋಣಿ ಕೆಳಗೆ ಕಟ್ಟಿದೆ. ಶ್ರೀರಂಗಪಟ್ಟಣದಲ್ಲಿ ಟೀಗೆ ನಿಲ್ಲಿಸಿದ್ದೂ ಗೊತ್ತಾಯಿತು, ಕಾವೇರಿ ಸೇತುವೆ ಮೇಲೆ ನಿಧಾನಕ್ಕೆ ಹೋಗಿದ್ದೂ ಗೊತ್ತಾಯಿತು. ಬ್ಯಾಟರಿ ಒಂದೂವರೆ ದಿನ ಸಾಕೇ ಸಾಕು. ಮೇಲೆ ತಗಡಿಲ್ಲ, ಉಜ್ಜೋಕೆ ಹುಣಸೆಮರ ಇಲ್ಲ. ಗಾಡಿಗೆ ಮಾಡಿದ ಸಾಮಾನು ಗಾಡಿಯಲ್ಲೇ ಚೆನ್ನಾಗಿ ಕೆಲಸ ಮಾಡಿತು, ಆ ಕಸ್ಟಮರ್ ಕೇರ್ ಹುಡುಗ ಕೇಳಿದ್ದು ಸರಿಯೇ ಇತ್ತು.

ಹಾಗಾಗಿ ದೊಡ್ಡ ಬಯಲಲ್ಲಿ ಮೇಯಿಸೋರು, ಕುದುರೆಯನ್ನು ಬಾಡಿಗೆ ಗಾಡಿಯಲ್ಲಿ ಆಗಾಗ ಕಳಿಸೋರು, ಮೆರವಣಿಗೆಗೆ ಬೇರೆಯವರ ಕೈಗೆ ಕೊಡೋರು ತಗೊಳ್ಳಬಹುದು, ಆದರೆ 4ಜಿದು. ಒಂದು ಎಕರೆ, ತಗಡಿನ ಲಾಯ, ಮನೆ ಪಕ್ಕದಲ್ಲೇ ಕುದುರೆ ಅನ್ನೋರು ಮೊದಲು ಗೇಟಿನ ಕೊಂಡಿ ನೋಡಿ, ಆಮೇಲೆ ಫೋಟೊ ತೆಗೀರಿ, ಚಿಪ್ ಹಾಕಿಸಿ, ದುಡ್ಡು ಮಿಕ್ಕಿದರೆ ಇದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅಂತಾರಲ್ಲ, ಇದು ಆ ದಿಡ್ಡಿ ಬಾಗಿಲೂ ಅಲ್ಲ, ಸೂರೆ ಯಾವ ದಾರೀಲಿ ಹೋಯಿತು ಅಂತ ತೋರಿಸೋ ನಕ್ಷೆ.

ಆ್ಯಪ್ ಪ್ಲಾನ್ ಮುಗಿಯೋಕೆ ಇನ್ನು 19 ದಿನ ಇದೆ, ದಿನಾ ಮೆಸೇಜ್ ಬರುತ್ತಿದೆ. ಕಟ್ಟುತ್ತೇನೆ ಅನ್ಸುತ್ತೆ, ಟ್ರ್ಯಾಕ್ಟರ್ ಸೀಟಿನ ಕೆಳಗೆ ಹಾಕೋ ಯೋಚನೆ ಇದೆ, ಅಲ್ಲೇ ಚಾರ್ಜೂ ಆಗುತ್ತೆ. ನೈಲಾನ್ ಪಟ್ಟಿ ಯಾರಿಗಾದರೂ ಬೇಕಿದ್ದರೆ ಹೇಳಿ, ಸುಮ್ನೆ ಕೊಡುತ್ತೇನೆ. ಬಕಲ್ ಹೋಗಿದೆ, ಎಷ್ಟು ಒಗೆದರೂ ಚೆಲುವಿಯ ವಾಸನೆ ಹೋಗುತ್ತಿಲ್ಲ.